ಚೆನ್ನೆಮಣೆಯೊಳಗಿನ ಪ್ರೋಗ್ರಾಂ

ಕಾಸರಗೋಡಿನ ಹಳೆಯ ಮನೆಗಳ ಅಟ್ಟ ಹುಡುಕಿದರೆ ಈಗಲೂ ಒಂದು ಚೆನ್ನೆಮಣೆ ಸಿಕ್ಕೀತು. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳನ್ನು ಕೊರೆದ ಮರದ ಹಲಗೆ ಅದು. ಗುಳಿಯೊಂದಕ್ಕೆ ನಾಲ್ಕರಂತೆ 56 ಚೆನ್ನೆಕಾಯಿಗಳನ್ನು ತುಂಬಿ ಇಬ್ಬರು ಎದುರುಬದುರಾಗಿ ಕುಳಿತು ಆಡುತ್ತಾರೆ. ಘಟ್ಟದ ಮೇಲಿನವರು ಇದನ್ನೇ ಅಳಗುಳಿ ಮಣೆ ಎನ್ನುತ್ತಾರೆ, ಕಾಯಿಗಳಿಗೆ ಬದಲು ಹುಣಸೆ ಬೀಜ ಹಾಕುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಗದ್ದೆ ಕೆಲಸ ನಿಂತು ಹೊರಗೆ ಹೋಗಲಾಗದೆ ಕುಳಿತವರ ಆಟ ಇದು. ಮಕ್ಕಳಿಗೆ ಕೋಡಿಂಗ್ ಕಲಿಸುವ ಆಟಗಳ ಬಗ್ಗೆ ಬರೆಯಲು ಹೊರಟವನು ಮಣೆಯಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ಆಟವೊಂದು ಕೋಡಿಂಗನ್ನು ಹೇಗೆ ಕಲಿಸುತ್ತದೆ, ಅದೇ ಆಟ ಮನಸ್ಸನ್ನು ಹೇಗೆ ಹಿಡಿದು ಕೂರಿಸುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಇಷ್ಟು ಸುಲಭವಾಗಿ ಬಿಚ್ಚಿ ತೋರಿಸಬಹುದಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಚೆನ್ನೆಯಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಸರಳವಾದುದರ ನಿಯಮ ಹೀಗಿದೆ: ನಿಮ್ಮ ಸಾಲಿನ ಒಂದು ಗುಳಿಯಿಂದ ಎಲ್ಲ ಕಾಯಿಗಳನ್ನು ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದರಂತೆ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನು ನೋಡಬೇಕು. ಅಲ್ಲಿ ಕಾಯಿಗಳಿದ್ದರೆ ಅವನ್ನೆತ್ತಿ ಮತ್ತೆ ಹಾಕುವುದು. ಅದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿ ಇರುವಷ್ಟು ನಿಮ್ಮ ಪಾಲು, ಸರದಿ ಎದುರಿನವರದು.

ಗುಳಿಗಳಿಗೆ ಸುತ್ತಲೂ 1ರಿಂದ 14ರವರೆಗೆ ಸಂಖ್ಯೆ ಕೊಟ್ಟು ಮೊದಲ ಸರದಿಯನ್ನು ಆಡಿ ನೋಡೋಣ. 1ನೇ ಗುಳಿಯ ನಾಲ್ಕನ್ನು 2ರಿಂದ 5ರವರೆಗೆ ಹಾಕಿದಾಗ ಕೈ ಬರಿದಾಗುತ್ತದೆ. 6ರಲ್ಲಿ ನಾಲ್ಕಿವೆ, ಎತ್ತಿ 7ರಿಂದ 10ರವರೆಗೆ ಹಾಕಿದ್ದಾಯಿತು. 11ರ ನಾಲ್ಕು ಕಾಯಿಗಳು 12, 13, 14ಕ್ಕೆ ಬಿದ್ದು, ಕೊನೆಯದು ಆಗಷ್ಟೇ ಬರಿದು ಮಾಡಿದ್ದ 1ಕ್ಕೆ ಬರುತ್ತದೆ. 2ರಲ್ಲಿ ಈಗ ಐದಿವೆ. ಅವು 3ರಿಂದ 7ರವರೆಗೆ ಹೋಗುತ್ತವೆ. 8ರ ಐದು 9ರಿಂದ 13ಕ್ಕೆ, 14ರ ಐದು 1ರಿಂದ 5ಕ್ಕೆ. 6ರಲ್ಲಿ ಒಂದೇ ಒಂದು ಇದೆ, ಅದು 7ಕ್ಕೆ. ಈಗ 8 ಬರಿದಾಗಿದೆ, ಆದ್ದರಿಂದ 9ರಲ್ಲಿರುವ ಆರು ಕಾಯಿಗಳು ಆಡಿದವರಿಗೆ. ಏಳು ಬಾರಿ ಎತ್ತಿ, 28 ಬಾರಿ ಹಾಕಿ, ಸಿಕ್ಕಿದ್ದು ಆರು. ಆರಂಭದಲ್ಲಿ ಎಲ್ಲ ಗುಳಿಗಳೂ ಒಂದೇ ಸಮನಾಗಿರುವುದರಿಂದ ಯಾವ ಗುಳಿಯಿಂದ ಹೊರಟರೂ ಮೊದಲಿಗರಿಗೆ ಸಿಗುವುದು ಆರೇ. ನಿಜವಾದ ಲೆಕ್ಕಾಚಾರ ಎರಡನೆಯವರ ಸರದಿಯಿಂದ ಶುರುವಾಗುತ್ತದೆ.

ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಇಲ್ಲಿ ಎರಡು ಬಗೆಯ ಪುನರಾವರ್ತನೆಗಳು, ಅಂದರೆ ಲೂಪ್‌ಗಳು, ಒಂದರೊಳಗೊಂದು ಕುಳಿತಿರುವುದು ಕಾಣುತ್ತದೆ. ಕೈಯಲ್ಲಿರುವ ಕಾಯಿಗಳನ್ನು ಹಾಕುವುದು ಒಳಗಿನ ಲೂಪ್. ಅದು ಎಷ್ಟು ಸಲ ನಡೆಯಬೇಕೆಂಬುದು ಎತ್ತಿದ ಕ್ಷಣದಲ್ಲೇ ಗೊತ್ತು. ಮತ್ತೆ ಮತ್ತೆ ಎತ್ತುವುದು ಹೊರಗಿನ ಲೂಪ್; ಅದು ಎಷ್ಟು ಸಲ ನಡೆಯುತ್ತದೆಂದು ಮೊದಲೇ ಯಾರಿಗೂ ತಿಳಿಯದು, ಬರಿದಾದ ಗುಳಿ ಎದುರಾಗುವ ತನಕ ನಡೆಯುತ್ತದೆ. ‘ಇಷ್ಟು ಸಲ ಮಾಡು’ ಎಂಬುದಕ್ಕೂ ‘ಹೀಗಾಗುವ ತನಕ ಮಾಡು’ ಎಂಬುದಕ್ಕೂ ಇರುವ ಈ ಅಂತರವನ್ನು ಪಠ್ಯದಿಂದ ಓದಿ ಅರ್ಥ ಮಾಡಿಕೊಳ್ಳಲು ಕಾಲೇಜು ವಿದ್ಯಾರ್ಥಿಗಳೂ ತಡವರಿಸುತ್ತಾರೆ. ಚೆನ್ನೆ ಆಡಿದ ಅಜ್ಜಿಯರಿಗೆ ಅದು ಬೆರಳಿನಲ್ಲೇ ಇತ್ತು, ಹೆಸರು ಮಾತ್ರ ಇರಲಿಲ್ಲ.

ಬೆರಳಿನಲ್ಲಿರುವುದನ್ನು ಕಂಪ್ಯೂಟರಿಗೆ ದಾಟಿಸುವ ಯೋಚನೆಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. 1967ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ವಾಲಿ ಫೋರ್ಜೈಗ್, ಸೀಮೋರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗೆಂದೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಮುಂದೆ ಅದರ ಗುರುತಾಗಿ ಬೆಳೆದದ್ದು ‘ಆಮೆ’. ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು ಎಂಬುದನ್ನು ನಾಲ್ಕು ಸಲ ಹೇಳಿದರೆ ಆಮೆ ನಡೆದ ದಾರಿಯಲ್ಲಿ ಚೌಕ ಮೂಡುತ್ತದೆ. ತ್ರಿಕೋನ ಬರೆಯಲು ಹೇಳಿದರೆ ಹೆಚ್ಚಿನ ಮಕ್ಕಳು, ದೊಡ್ಡವರು ಕೂಡ, ಶಾಲೆಯಲ್ಲಿ ಕಲಿತ 60 ಡಿಗ್ರಿಯನ್ನೇ ಕೊಡುತ್ತಾರೆ. ಆಮೆ ಮೂರು ಗೆರೆ ಎಳೆದು ಅರ್ಧ ಷಟ್ಕೋನ ಬರೆದು ನಿಲ್ಲುತ್ತದೆ. ಮೂಲೆಯ ಒಳಕೋನ 60 ಆದರೂ ನಡೆಯುತ್ತಿರುವ ಆಮೆ ತಿರುಗಬೇಕಾದದ್ದು 120 ಡಿಗ್ರಿ. ಈ ತಪ್ಪನ್ನು ಹೇಳಿಕೊಡಲು ಮೇಷ್ಟ್ರು ಬೇಕಾಗುವುದಿಲ್ಲ. ಮಗುವೇ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದರೆ ಸಾಕು. ಜಿನೀವಾದಲ್ಲಿ ಮಕ್ಕಳ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಂದಿಗೆ ಕೆಲಸ ಮಾಡಿ ಬಂದಿದ್ದ ಪ್ಯಾಪರ್ಟ್ ಆಮೆಯ ಗುಟ್ಟು ಇದೇ ಎಂದು ನಂಬಿದ್ದರು: ಮಗು ತನ್ನ ಮೈಯ ಚಲನೆಯಿಂದಲೇ ಜ್ಯಾಮಿತಿಯನ್ನು ತಿಳಿದುಕೊಳ್ಳುತ್ತದೆ.

ಲೋಗೋದ ಮುಂದಿನ ತಲೆಮಾರೇ ಸ್ಕ್ರ್ಯಾಚ್. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು 2007ರಲ್ಲಿ ಸಾರ್ವಜನಿಕರಿಗೆ ಬಿಟ್ಟಿತು. ಇಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಬೇಕು. ತುಂಡಿನ ಆಕಾರವೇ ವ್ಯಾಕರಣದ ಕೆಲಸ ಮಾಡುತ್ತದೆ: ಸಂಖ್ಯೆ ಕೂರಬೇಕಾದ ಕಿಂಡಿ ದುಂಡಗೆ, ಹೌದು-ಅಲ್ಲ ಎಂಬ ಷರತ್ತು ಕೂರಬೇಕಾದ ಕಿಂಡಿ ಆರು ಮೂಲೆಯದು. ಅರ್ಧವಿರಾಮವೊಂದು ತಪ್ಪಿದ್ದಕ್ಕೆ ಇಡೀ ಪ್ರೋಗ್ರಾಂ ನಿಂತುಹೋಗುವ ಕಾಟ ಇಲ್ಲಿಲ್ಲವಾದ್ದರಿಂದ ಮಗುವಿನ ಗಮನ ಬರಹದ ತಪ್ಪಿನ ಕಡೆಗೆ ಹೋಗದೆ ವಿಚಾರದ ತಪ್ಪಿನ ಕಡೆಗೇ ಇರುತ್ತದೆ.

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದೂರದ ವಸ್ತುವೇನಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಅದರಡಿ 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಕ್ಲಬ್‌ಗಳು ಶುರುವಾದವು. ಶಾಲೆಯ ಕಂಪ್ಯೂಟರುಗಳು ಓಡುವುದು ಸ್ವತಂತ್ರ ತಂತ್ರಾಂಶವಾದ ಲಿನಕ್ಸ್ ಮೇಲೆ. ಕ್ಲಬ್ಬಿನ ಮಕ್ಕಳು ಸ್ಕ್ರ್ಯಾಚ್, ಅನಿಮೇಷನ್, ಮೊಬೈಲ್ ಆ್ಯಪ್ ತಯಾರಿ ಇವನ್ನೆಲ್ಲ ಮುಟ್ಟಿ ನೋಡುತ್ತಾರೆ, ಸಣ್ಣ ತರಗತಿಯವರಿಗೆ ಜೀಕಾಂಪ್ರಿಯ ಪರಿಚಯವಿದೆ. ಬ್ರೂನೋ ಕುದ್ವಾಂ ಎಂಬ ಫ್ರೆಂಚ್ ಎಂಜಿನಿಯರ್ 2000ದಲ್ಲಿ ಆರಂಭಿಸಿದ ಈ ಆಟಗಳ ಗೊಂಚಲಿನ ಹೆಸರು ಫ್ರೆಂಚಿನಲ್ಲಿ ‘ನನಗೆ ಅರ್ಥವಾಯಿತು’ ಎಂಬ ಮಾತಿನಂತೆ ಕೇಳಿಸುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಮಲಯಾಳವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪರದೆಯ ಮೇಲೆ ಇಂಗ್ಲಿಷ್ ಎಂದು ದಿನವಿಡೀ ಭಾಷೆ ಬದಲಿಸುವ ಇಲ್ಲಿನ ಮಕ್ಕಳಿಗೆ ಇನ್ನೊಂದು ಭಾಷೆಯ ಭಯ ಕಡಿಮೆ ಎಂಬುದು ನನ್ನ ಅನಿಸಿಕೆ.

ಕಳೆದ ಆಟಿಯಲ್ಲಿ, ಏಳನೇ ತರಗತಿಯಲ್ಲಿರುವ ನನ್ನ ತಂಗಿಯ ಮಗಳು ಚೆನ್ನೆಯನ್ನು ಸ್ಕ್ರ್ಯಾಚ್‌ಗೆ ಇಳಿಸಲು ಕುಳಿತಳು. ಸ್ಕ್ರ್ಯಾಚ್‌ನಲ್ಲಿ ವೇರಿಯೇಬಲ್‌ಗಳಿಗೆ, ಅಂದರೆ ಬದಲಾಗುವ ಸಂಖ್ಯೆಯನ್ನು ಹಿಡಿದಿಡುವ ಡಬ್ಬಿಗಳಿಗೆ, ಕನ್ನಡದಲ್ಲೇ ಹೆಸರಿಡಬಹುದಾದ್ದರಿಂದ ‘ಕೈ’, ‘ಜಾಗ’ ಎಂಬ ಎರಡು ವೇರಿಯೇಬಲ್‌ಗಳು, 14 ಸಂಖ್ಯೆಗಳ ‘ಮಣೆ’ ಎಂಬ ಒಂದು ಲಿಸ್ಟ್ ಸಿದ್ಧವಾದವು. ಕೈಗೆ ಕಾಯಿ ಬಂತು, ಜಾಗ ಒಂದೊಂದಾಗಿ ಮುಂದೆ ಹೋಯಿತು, 6ಕ್ಕೆ ಎತ್ತಿತು, 11ಕ್ಕೆ ಎತ್ತಿತು, ಅಲ್ಲಿಗೇ ಆಟ ನಿಂತಿತು. ಮಣೆಯ ಮೇಲಿನ ಕಾಯಿಗಳನ್ನು ಎಣಿಸಿದರೆ 55. ಒಂದು ಕಾಯಿ ಮಾಯವಾಗಿತ್ತು.

ಕಾರಣ ಸಣ್ಣದು. ಮರದ ಮಣೆಯ ಸುತ್ತ ಕೈ ಓಡುವಾಗ 14ರ ಮುಂದೆ 1 ಬರುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಕಂಪ್ಯೂಟರಿನ ಲಿಸ್ಟ್‌ಗೆ ಸುತ್ತು ಗೊತ್ತಿಲ್ಲ. ಅದು ಒಂದು ಉದ್ದನೆಯ ಸಾಲು. 14 ಆದ ಮೇಲೆ ಜಾಗ 15 ಆಯಿತು, ಇಲ್ಲದ 15ನೇ ಗುಳಿಗೆ ಕಾಯಿ ಬಿತ್ತು. ಸ್ಕ್ರ್ಯಾಚ್ ಅಂಥ ಹೊತ್ತಿನಲ್ಲಿ ಗದರಿಸುವುದಿಲ್ಲ, ಸುಮ್ಮನೆ ಏನೂ ಮಾಡದೆ ಮುಂದೆ ಹೋಗುತ್ತದೆ. ಪರಿಹಾರ ಗಣಿತದ ಶೇಷದಲ್ಲಿದೆ: ಜಾಗವನ್ನು 14ರಿಂದ ಭಾಗಿಸಿ, ಬಂದ ಶೇಷಕ್ಕೆ 1 ಕೂಡಿಸಿದರೆ ಮುಂದಿನ ಗುಳಿ ಸಿಗುತ್ತದೆ. 13ಕ್ಕೆ ಶೇಷ 13, ಕೂಡಿಸಿದರೆ 14. 14ಕ್ಕೆ ಶೇಷ ಸೊನ್ನೆ, ಕೂಡಿಸಿದರೆ 1. ಮೂರನೇ ತರಗತಿಯಿಂದ ಭಾಗಾಕಾರ ಮಾಡಿ ಮೂಲೆಗೆ ಬರೆದಿಡುತ್ತಿದ್ದ ಶೇಷಕ್ಕೆ ಒಂದು ಉಪಯೋಗವಿದೆ ಎಂದು ಅವಳಿಗೆ ತಿಳಿದದ್ದು ಅಂದೇ.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ಆಟ ಎರಡು ದಿನ ಸರಿಯಾಗಿಯೇ ನಡೆದು, ಒಮ್ಮೊಮ್ಮೆ ಮಾತ್ರ ಒಂದು ಕಾಯಿ ಕಡಿಮೆಯಾಗುತ್ತಿತ್ತು. ಅವಳು ಮೊದಲು ಗುಳಿಯ ಕಾಯಿಗಳನ್ನು ಕೈಗೆ ತೆಗೆದುಕೊಂಡು, ಎಲ್ಲವನ್ನೂ ಹಾಕಿ ಮುಗಿಸಿದ ಮೇಲೆ ಹೊರಟ ಗುಳಿಯನ್ನು ಸೊನ್ನೆ ಮಾಡುತ್ತಿದ್ದಳು. ಕೈಯಲ್ಲಿ 13 ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ತನಕ ಇದರಿಂದ ತೊಂದರೆಯಿಲ್ಲ. 14 ಇದ್ದರೆ ಕೊನೆಯ ಕಾಯಿ ಪೂರ್ತಿ ಸುತ್ತು ಬಂದು ಹೊರಟ ಗುಳಿಗೇ ಬೀಳುತ್ತದೆ. ಆಮೇಲೆ ಸೊನ್ನೆ ಮಾಡಿದಾಗ ಅದೂ ಅಳಿಸಿಹೋಗುತ್ತದೆ. ನಿಜವಾದ ಮಣೆಯಲ್ಲಿ ಇಂಥ ತಪ್ಪು ಸಾಧ್ಯವೇ ಇಲ್ಲ, ಏಕೆಂದರೆ ಎತ್ತಿದ ಕ್ಷಣಕ್ಕೇ ಗುಳಿ ಬರಿದಾಗಿರುತ್ತದೆ. ಕಂಪ್ಯೂಟರಿನಲ್ಲಿ ‘ಎತ್ತುವುದು’ ಎಂದರೆ ಸಂಖ್ಯೆಯ ನಕಲು ಮಾಡಿಕೊಳ್ಳುವುದು ಮಾತ್ರ. ಮೂಲವನ್ನು ಅಳಿಸುವುದು ಬೇರೆಯೇ ಕೆಲಸ, ಅದನ್ನು ಯಾವಾಗ ಮಾಡಬೇಕೆಂಬುದೂ ಮುಖ್ಯ. ಆಜ್ಞೆಗಳ ಸಾಲಿನಲ್ಲಿ ಒಂದು ತುಂಡನ್ನು ಎರಡು ಸಾಲು ಮೇಲಕ್ಕೆ ಸರಿಸಿದಾಗ ರೋಗ ವಾಸಿಯಾಯಿತು. ತಪ್ಪನ್ನು ಹಿಡಿಯಲು ಅವಳು ಬಳಸಿದ ಉಪಾಯವನ್ನು ನಾನು ಹೇಳಿಕೊಟ್ಟಿರಲಿಲ್ಲ: ಪ್ರತಿ ಸರದಿಯ ಕೊನೆಗೆ ಮಣೆಯ ಕಾಯಿಗಳನ್ನೂ ಇಬ್ಬರ ಗಳಿಕೆಯನ್ನೂ ಕೂಡಿಸಿ, ಮೊತ್ತ 56 ಆಗದಿದ್ದರೆ ಸ್ಕ್ರ್ಯಾಚ್‌ನ ಪರದೆಯ ಮೇಲಿನ ಬೆಕ್ಕು ಕೂಗುವಂತೆ ಮಾಡಿದ್ದಳು. ಏನೇ ಆದರೂ ಬದಲಾಗಬಾರದ ಇಂಥ ಮೊತ್ತವನ್ನು ಕಾವಲಿಗೆ ನಿಲ್ಲಿಸುವುದು ದೊಡ್ಡ ಕಂಪನಿಗಳ ಪ್ರೋಗ್ರಾಮರುಗಳು ಕೂಡ ಮಾಡುವ ಕೆಲಸ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕೋಡಿಂಗ್ ಕಲಿಸುತ್ತೇವೆಂದು ಬರುವ ಆಟಗಳಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ಚಿನ್ನದ ನಾಣ್ಯ ಸಿಗುತ್ತದೆ, ರಾಕ್ಷಸ ಸಾಯುತ್ತಾನೆ. ಪ್ರಶ್ನೆಯನ್ನು ತೆಗೆದು ಅಲ್ಲಿ ರಾಜಧಾನಿಗಳ ಹೆಸರು ಕೇಳಿದರೂ ಆಟ ಹಾಗೆಯೇ ನಡೆಯುತ್ತದೆ. ಇದು ಗುಳಿಗೆಗೆ ಬೆಲ್ಲ ಸವರುವ ಕೆಲಸ, ಬೆಲ್ಲ ಕರಗಿದ ಮೇಲೆ ಮಗು ಗುಳಿಗೆಯನ್ನು ಉಗಿಯುತ್ತದೆ. ಇನ್ನೊಂದರಲ್ಲಿ ಆಟದ ನಿಯಮವೇ ಪ್ರೋಗ್ರಾಂ. ಚೆನ್ನೆಯಂತೆ, ಆಡುವುದೂ ಯೋಚಿಸುವುದೂ ಒಂದೇ ಕ್ರಿಯೆ.

ಎರಡನೆಯ ಜಾತಿಗೆ ಒಳ್ಳೆಯ ಉದಾಹರಣೆ 2015ರಲ್ಲಿ ಬಂದ ಹ್ಯೂಮನ್ ರಿಸೋರ್ಸ್ ಮೆಷಿನ್. ಆಟಗಾರ ಒಂದು ಕಚೇರಿಯ ಗುಮಾಸ್ತ. ಒಂದು ಬದಿಯಿಂದ ಬರುವ ಸಂಖ್ಯೆಗಳನ್ನು ಎತ್ತಿಕೊಂಡು, ನೆಲದ ಮೇಲಿನ ಚೌಕಗಳಲ್ಲಿ ಇಟ್ಟು ತೆಗೆದು, ಇನ್ನೊಂದು ಬದಿಗೆ ಒಪ್ಪಿಸಬೇಕು. ಆಜ್ಞೆಗಳು ಹತ್ತು ಹನ್ನೊಂದು ಮಾತ್ರ. ಪ್ರೊಸೆಸರಿನ ಒಡಲಲ್ಲಿ ನಡೆಯುವುದು ಸರಿಸುಮಾರು ಇದೇ. ಕೆಲಸ ಮುಗಿದ ಮೇಲೆ ಆಟ ಎರಡು ಸವಾಲು ಹಾಕುತ್ತದೆ: ಇನ್ನೂ ಕಡಿಮೆ ಆಜ್ಞೆಗಳಲ್ಲಿ ಮಾಡಬಲ್ಲಿರಾ, ಇನ್ನೂ ಕಡಿಮೆ ಹೆಜ್ಜೆಗಳಲ್ಲಿ ಮಾಡಬಲ್ಲಿರಾ? ಹಲವು ಸಲ ಒಂದನ್ನು ಸಾಧಿಸಿದರೆ ಇನ್ನೊಂದು ಕೈತಪ್ಪುತ್ತದೆ. 2019ರ ಬಾಬಾ ಈಸ್ ಯೂ ಇನ್ನೂ ತಲೆಹರಟೆಯದು. ಫಿನ್ಲೆಂಡಿನ ಆರ್ವಿ ಟೇಕಾರಿ ಮಾಡಿದ ಈ ಆಟದಲ್ಲಿ ‘ಗೋಡೆ ತಡೆಯುತ್ತದೆ’ ಎಂಬ ನಿಯಮವೇ ಮೂರು ಪದಗಳಾಗಿ ನೆಲದ ಮೇಲೆ ಬಿದ್ದಿರುತ್ತದೆ. ಒಂದು ಪದವನ್ನು ತಳ್ಳಿ ವಾಕ್ಯ ಮುರಿದರೆ ಗೋಡೆ ತಡೆಯುವುದನ್ನು ಬಿಡುತ್ತದೆ. ವೆಬ್ ಪುಟ ಕಟ್ಟುವುದನ್ನು ಕಲಿಯುವವರಿಗೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಇದೆ. 24 ಹಂತಗಳಲ್ಲಿ ಕಪ್ಪೆಗಳನ್ನು ತಾವರೆ ಎಲೆಗಳ ಮೇಲೆ ಕೂರಿಸುತ್ತ ಹೋದರೆ ಪುಟದ ಅಂದ ಹೊಂದಿಸುವ ಭಾಷೆಯಾದ ಸಿಎಸ್‌ಎಸ್‌ನ ಒಂದು ತಲೆನೋವಿನ ಅಧ್ಯಾಯ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇನ್ನು ಮನಸ್ಸು ಮುಳುಗುವ ಪ್ರಶ್ನೆ. ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಚದುರಂಗದ ಆಟಗಾರರು, ಬಂಡೆ ಏರುವವರು, ಶಸ್ತ್ರಚಿಕಿತ್ಸಕರು ಮೊದಲಾದವರನ್ನು ಮಾತನಾಡಿಸಿ, ಹೊತ್ತು ಹೋದದ್ದೇ ತಿಳಿಯದಂತಹ ತಲ್ಲೀನತೆ ಯಾವಾಗ ಹುಟ್ಟುತ್ತದೆಂದು ವಿವರಿಸಿದರು. ಈಗ ಏನು ಮಾಡಬೇಕೆಂಬುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಕೂಡಲೇ ತಿಳಿಯಬೇಕು. ಕೆಲಸ ಕೈಗೆಟುಕದಷ್ಟು ಕಷ್ಟವೂ ಆಗಿರಬಾರದು, ಆಕಳಿಕೆ ಬರುವಷ್ಟು ಸುಲಭವೂ ಆಗಿರಬಾರದು. ಅಡಿಕೆ ಸುಲಿಯುವವರನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಮೆಟ್ಟುಕತ್ತಿಯ ಮುಂದೆ ಕುಳಿತು ಕೈ ಹದಕ್ಕೆ ಬಂದ ಮೇಲೆ ರಾಶಿ ಕರಗುವುದೂ ಗೊತ್ತಾಗುವುದಿಲ್ಲ, ಗಂಟೆ ಕರಗುವುದೂ ಗೊತ್ತಾಗುವುದಿಲ್ಲ. ಬೇಕಾದ ಗುರಿ ಕೈಯಲ್ಲಿರುವ ಒಂದು ಅಡಿಕೆ. ಫಲ ಮರುಕ್ಷಣದಲ್ಲಿ ಬುಟ್ಟಿಗೆ.

ಟೆಟ್ರಿಸ್ ಈ ಮೂರನ್ನೂ ಅಚ್ಚುಕಟ್ಟಾಗಿ ಜೋಡಿಸಿದೆ. ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಎಲೆಕ್ಟ್ರಾನಿಕಾ 60 ಎಂಬ ಯಂತ್ರದ ಮೇಲೆ ಇದನ್ನು ಬರೆದರು. ನಾಲ್ಕು ಚೌಕಗಳನ್ನು ಜೋಡಿಸಿದ ಏಳು ಆಕಾರಗಳು ಒಂದೊಂದಾಗಿ ಬೀಳುತ್ತವೆ, ಸಾಲು ತುಂಬಿದರೆ ಅಳಿಯುತ್ತದೆ, ಆಟಗಾರ ಪಳಗಿದಂತೆ ವೇಗ ಏರುತ್ತದೆ. ಡೇವಿಡ್ ಕರ್ಶ್ ಮತ್ತು ಪಾಲ್ ಮಗ್ಲಿಯೊ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಟೆಟ್ರಿಸ್ ಆಟಗಾರರು ತುಂಡುಗಳನ್ನು ಅಗತ್ಯಕ್ಕಿಂತ ಹೆಚ್ಚು ಸಲ ತಿರುಗಿಸುವುದನ್ನು ಗಮನಿಸಿತು. ಮನಸ್ಸಿನಲ್ಲಿ ತಿರುಗಿಸಿ ನೋಡುವುದಕ್ಕಿಂತ ಪರದೆಯ ಮೇಲೆ ತಿರುಗಿಸಿ ನೋಡುವುದೇ ಬೇಗ. ಅಂದರೆ ಅವರು ಯೋಚನೆಯ ಭಾರವನ್ನು ಕೈಗೆ ವಹಿಸುತ್ತಾರೆ. ಚೆನ್ನೆ ಆಡುವವರು ಕಾಯಿಗಳನ್ನು ಎತ್ತುವ ಮೊದಲು ಗುಳಿಗಳ ಮೇಲೆ ಬೆರಳಾಡಿಸಿ ದೂರ ಅಳೆಯುವುದೂ, ಕೋಡ್ ಬರೆಯುವವರು ಒಂದು ಸಾಲು ಬರೆದು ಓಡಿಸಿ ನೋಡಿ ಇನ್ನೊಂದು ಸಾಲು ಬರೆಯುವುದೂ ಇದೇ ಬಗೆಯವು. ಕೋಡಿಂಗ್ ಕಲಿಸುವ ಆಟವೂ ಮನಸ್ಸನ್ನು ತಣಿಸುವ ಆಟವೂ ಬೇರೆ ಬೇರೆ ಕಪಾಟಿನವು ಎಂದು ಅಂಗಡಿಯವರು ವಿಂಗಡಿಸಿದರೂ, ಎರಡರ ಒಳಗಿನ ಯಂತ್ರ ಒಂದೇ: ಸಣ್ಣ ಹೆಜ್ಜೆ, ಕೂಡಲೇ ಕಾಣುವ ಫಲ, ದಂಡವಿಲ್ಲದ ತಪ್ಪು.

ಅಂಕವೇ ಇಲ್ಲದ ಆಟಗಳೂ ಇವೆ. ಆಸ್ಕರ್ ಸ್ಟೋಲ್‌ಬರ್ಗ್ ಅವರ ಟೌನ್‌ಸ್ಕೇಪರ್‌ನಲ್ಲಿ (2021) ಸಮುದ್ರದ ಮೇಲೆ ಬಣ್ಣದ ಕಟ್ಟೆಗಳನ್ನು ಇಡುತ್ತ ಹೋಗುವುದಷ್ಟೇ ಕೆಲಸ. ಚಾವಣಿ, ಕಿಟಕಿ, ಮೆಟ್ಟಿಲುಗಳನ್ನು ಪ್ರೋಗ್ರಾಂ ತಾನೇ ಹೊಂದಿಸುತ್ತದೆ, ಸುತ್ತುವರಿದ ಜಾಗ ಬಿಟ್ಟರೆ ಅಲ್ಲಿ ಹುಲ್ಲಿನ ಅಂಗಳ ಮೂಡುತ್ತದೆ. ಆಡುತ್ತ ಆಡುತ್ತ ‘ಯಾವಾಗ ಅಂಗಳ ಬರುತ್ತದೆ’ ಎಂಬ ನಿಯಮವನ್ನು ಮಗು ಊಹಿಸತೊಡಗಿದರೆ, ಅದು ಆಗಲೇ ಪ್ರೋಗ್ರಾಮರಿನಂತೆ ಯೋಚಿಸುತ್ತಿದೆ ಎಂದರ್ಥ.

ತಲ್ಲೀನತೆಯೆಲ್ಲವೂ ನೆಮ್ಮದಿಯದಲ್ಲ ಎಂಬುದನ್ನು ತುಳುನಾಡು ಬಹಳ ಹಿಂದೆಯೇ ಕಂಡಿದೆ. ತುಳುವಿನ ಜನಪದ ಕಥನಗೀತೆಯಾದ ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ ಮತ್ತು ದಾರಗ ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಇಬ್ಬರೂ ಪ್ರಾಣ ಕಳೆದುಕೊಂಡ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಒಡಹುಟ್ಟಿದವರು ಚೆನ್ನೆಗೆ ಕೂರಬಾರದೆಂಬ ನಂಬಿಕೆಯ ಹಿಂದೆ ಇದೇ ಕತೆಯಿದೆ. ಈ ಕಾಲದ ಅಪಾಯ ಬೇರೆ ತರಹದ್ದು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪ್ರತಿ ಕುಕ್ಕಿಗೂ ಕಾಳು ಕೊಡುವುದಕ್ಕಿಂತ ಯಾವ ಕುಕ್ಕಿಗೆ ಕಾಳು ಬರುತ್ತದೆಂದು ತಿಳಿಯದಂತೆ ಮಾಡಿದಾಗ ಹಕ್ಕಿ ಹೆಚ್ಚು ಪಟ್ಟುಹಿಡಿದು ಕುಕ್ಕುತ್ತಿತ್ತು. ಮೊಬೈಲಿನ ಹಲವು ಆಟಗಳಲ್ಲಿ ತೆರೆಯಬೇಕಾದ ಪೆಟ್ಟಿಗೆ, ತಿರುಗಿಸಬೇಕಾದ ಚಕ್ರ, ‘ನಾಳೆ ಬಂದರೆ ಬಹುಮಾನ’ ಎಂಬ ಆಮಿಷ ಇವೆಲ್ಲ ಆ ಕಾಳಿನ ಲೆಕ್ಕವೇ. ನೆಮ್ಮದಿಯ ತಲ್ಲೀನತೆ ಕೊಡುವ ಆಟವನ್ನೂ ಇಂಥ ಆಮಿಷದ ಆಟವನ್ನೂ ಬೇರ್ಪಡಿಸಲು ನಾನು ಬಳಸುವ ಪರೀಕ್ಷೆ ಒರಟಾದರೂ ಸರಿಯಾಗಿಯೇ ಕೆಲಸ ಮಾಡುತ್ತದೆ: ಆಟ ಮುಗಿಸಿ ಎದ್ದ ಮಗುವನ್ನು ‘ಏನು ಮಾಡಿದೆ’ ಎಂದು ಕೇಳುವುದು. ಒಂದು ಬಗೆಯ ಆಟದ ಬಳಿಕ ಉತ್ತರ ನಿಲ್ಲುವುದೇ ಇಲ್ಲ, ಇನ್ನೊಂದರ ಬಳಿಕ ‘ಏನಿಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಕಂಪ್ಯೂಟರ್ ಇಲ್ಲವೆಂದು, ಅಥವಾ ಮಳೆಗೆ ಕರೆಂಟು ಹೋಯಿತೆಂದು, ಇದನ್ನೆಲ್ಲ ಬಿಡಬೇಕಾಗಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಕಂಪ್ಯೂಟರ್ ಮುಟ್ಟದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ‘ಅನ್‌ಪ್ಲಗ್ಡ್’ ಆಟಗಳನ್ನು 1990ರ ದಶಕದಿಂದ ಕಟ್ಟುತ್ತ ಬಂದಿದ್ದಾರೆ. ಅದರಲ್ಲೊಂದಕ್ಕೆ ಶಾಲೆಯ ಜಗಲಿ ಮತ್ತು ಸೀಮೆಸುಣ್ಣ ಸಾಕು. ಕುಂಟೆಬಿಲ್ಲೆಯ ಮನೆ ಬರೆದಂತೆ ನೆಲದ ಮೇಲೆ ಗೆರೆಗಳ ಜಾಲ ಬರೆದು, ಆರು ಮಕ್ಕಳು ಒಂದೊಂದು ಸಂಖ್ಯೆಯ ಚೀಟಿ ಹಿಡಿದು ಒಂದು ತುದಿಯಿಂದ ಹೊರಡುತ್ತಾರೆ. ಇಬ್ಬರು ಎದುರಾದ ಕಡೆಯಲ್ಲೆಲ್ಲ ಸಣ್ಣ ಸಂಖ್ಯೆಯವರು ಎಡಕ್ಕೆ, ದೊಡ್ಡದರವರು ಬಲಕ್ಕೆ. ಯಾರೂ ಇಡೀ ಸಾಲನ್ನು ನೋಡದೆಯೇ ಇನ್ನೊಂದು ತುದಿಯಲ್ಲಿ ಆರೂ ಮಂದಿ ಕ್ರಮವಾಗಿ ನಿಂತಿರುತ್ತಾರೆ. ಮೊದಲ ಸಲ ನೋಡಿದ ಮಕ್ಕಳು ಸಂಖ್ಯೆ ಬದಲಿಸಿಕೊಂಡು ಮತ್ತೆ ಓಡಿ ನೋಡದೆ ಬಿಡುವುದಿಲ್ಲ.

ತಂಗಿಯ ಮಗಳ ಚೆನ್ನೆ ಇನ್ನೂ ಮುಗಿದಿಲ್ಲ. ಆಟದ ನಡುವೆ ಯಾವುದಾದರೂ ಗುಳಿಯಲ್ಲಿ ಸರಿಯಾಗಿ ನಾಲ್ಕು ಕಾಯಿ ಕೂಡಿದರೆ ಅದನ್ನು ಆ ಬದಿಯವರು ಎತ್ತಿಕೊಳ್ಳುವ ನಿಯಮ ಕೆಲವು ಮನೆಗಳಲ್ಲಿದೆ. ಅದನ್ನು ಸೇರಿಸಲು ಹೊರಟು ಇಬ್ಬರು ಅಜ್ಜಿಯರನ್ನು ಕೇಳಿದಾಗ ನಾಲ್ಕಾದ ಕೂಡಲೇ ಎತ್ತಬೇಕು ಎಂದರು ಒಬ್ಬರು, ಸರದಿ ಮುಗಿಯುವ ತನಕ ಕಾಯಬೇಕು ಎಂದರು ಇನ್ನೊಬ್ಬರು. ಮೊದಲಿನ ಕ್ರಮದಲ್ಲಿ ಗುಳಿ ನಡುವೆಯೇ ಬರಿದಾಗಿ ಓಟ ಬೇರೆ ಕಡೆ ನಿಲ್ಲುತ್ತದೆ, ಎರಡನೆಯದರಲ್ಲಿ ನಾಲ್ಕು ಮತ್ತೆ ಐದಾಗಿಬಿಡಬಹುದು. ಎರಡೂ ಬೇರೆ ಬೇರೆ ಪ್ರೋಗ್ರಾಂಗಳು. ಸದ್ಯ ಆಟ ಶುರು ಮಾಡುವ ಹಸಿರು ಬಾವುಟ ಒತ್ತಿದೊಡನೆ ಬೆಕ್ಕು ಒಂದು ಪ್ರಶ್ನೆ ಕೇಳುತ್ತದೆ: ‘ಯಾರ ಮನೆಯ ಚೆನ್ನೆ?’